ಫ್ಲ್ಯಾಗ್ ಹುಡುಕುವವರಿಗೆ ಲ್ಯಾಬ್ ತೆರೆದಿಡಿ

ಮಾನ್ಯರೇ,

ಸೈಬರ್ ಭದ್ರತೆಯ ಸ್ಪರ್ಧೆ ಎಂದರೆ ಯಾರದೋ ಖಾತೆಗೆ ಕನ್ನ ಹಾಕುವುದು ಎಂಬ ಅಳುಕು ಪೋಷಕರಲ್ಲೂ ಕೆಲವು ಉಪನ್ಯಾಸಕರಲ್ಲೂ ಇದೆ. ಆದರೆ ‘ಕ್ಯಾಪ್ಚರ್ ದ ಫ್ಲ್ಯಾಗ್’ (ಸಿಟಿಎಫ್) ಎಂಬ ಈ ಸ್ಪರ್ಧೆಯಲ್ಲಿ ಆಯೋಜಕರೇ ಬೇಕೆಂದು ದೋಷವಿಟ್ಟ ಫೈಲು, ಸರ್ವರ್‌ಗಳಲ್ಲಿ ಬಚ್ಚಿಟ್ಟ ಸಾಲೊಂದನ್ನು, ಅಂದರೆ ‘ಫ್ಲ್ಯಾಗ್’ ಅನ್ನು ಹುಡುಕಬೇಕು, ಅಷ್ಟೇ.

ತೆರೆಯದ ಪಿಎನ್‌ಜಿ ಚಿತ್ರವೊಂದನ್ನು ಕೊಟ್ಟರೆನ್ನಿ. ಫೈಲಿನ ಒಂದೊಂದು ಬೈಟನ್ನೂ ಹದಿನಾರರ ಎಣಿಕೆಯಲ್ಲಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಮೊದಲ 8 ಬೈಟ್ ನೋಡಬೇಕು: ಮೊದಲನೆಯದು 89, ನಂತರ ಪಿ, ಎನ್, ಜಿ ಅಕ್ಷರಗಳು ಇರಲೇಬೇಕು. ಅದನ್ನು ತಿದ್ದಿದರೂ ಫ್ಲ್ಯಾಗ್ ಕಾಣದಿದ್ದರೆ ಚಿತ್ರದ ಎತ್ತರವನ್ನೇ ಕುಗ್ಗಿಸಿರಬಹುದು. ಅದು 21ರಿಂದ 24ನೇ ಬೈಟ್‌ನಲ್ಲಿದೆ. ಅಳತೆಗಳಿರುವ ಆ ಭಾಗದ (ಹೆಡರ್) ಸಿಆರ್‌ಸಿಯನ್ನು, ಅಂದರೆ ದತ್ತಾಂಶ ಬದಲಾಗಿದೆಯೇ ಎಂದು ತಿಳಿಸುವ ಸಂಖ್ಯೆಯನ್ನು, ಬದಲಿಸದೆ ಬಿಟ್ಟಿದ್ದರೆ, ಬೇರೆ ಬೇರೆ ಎತ್ತರಗಳನ್ನು ಹಾಕಿ ಅದರೊಂದಿಗೆ ತಾಳೆ ನೋಡಿ ನಿಜವಾದ ಎತ್ತರವನ್ನು ಕಂಡುಹಿಡಿಯಬಹುದು. ಪಠ್ಯಪುಸ್ತಕದ ಹತ್ತು ಪುಟ ಕಲಿಸದ್ದನ್ನು ಈ ಒಂದು ಲೆಕ್ಕ ಕಲಿಸುತ್ತದೆ.

ಆರಂಭಕ್ಕೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪಿಕೊಸಿಟಿಎಫ್ ಸ್ಪರ್ಧೆ ಇದೆ. ಉಚಿತ, ಬ್ರೌಸರ್‌ನಲ್ಲೇ ಲಿನಕ್ಸ್ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಪರದೆ) ಸಿಗುವುದರಿಂದ ಹಳೆಯ ಕಂಪ್ಯೂಟರ್ ಸಾಕು. ಹಳೆಯ ಪ್ರಶ್ನೆಗಳೂ ಅಭ್ಯಾಸಕ್ಕೆ ಲಭ್ಯ.

ವಿದ್ಯಾರ್ಥಿಗಳು ಸೋಲುವುದು ಬೇರೆ ಕಡೆ. ತಂಡದ ಎಲ್ಲರೂ ಒಂದೇ ಪ್ರಶ್ನೆಗೆ ಜೋತುಬೀಳುತ್ತಾರೆ. ನಿಯಮ ಓದದೆ ಸ್ಪರ್ಧೆಯ ಸರ್ವರ್ ಮೇಲೆ ದೋಷ ಹುಡುಕುವ ಸ್ಕ್ಯಾನರ್ ತಂತ್ರಾಂಶ ಓಡಿಸಿ ಅನರ್ಹರಾಗುತ್ತಾರೆ. ಕಾಲೇಜುಗಳ ಮಟ್ಟಿಗೆ ದೊಡ್ಡ ತೊಡಕು ಜಾಲದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್: ಅದು ವೆಬ್‌ಸೈಟ್‌ಗಳು ಬಳಸುವ 80, 443 ಪೋರ್ಟ್‌ಗಳನ್ನಷ್ಟೇ (ಸಂಪರ್ಕದ ಬಾಗಿಲುಗಳು) ತೆರೆದಿಟ್ಟರೆ, ಸರ್ವರ್‌ಗೆ ನೇರ ಸಂಪರ್ಕ ಕೊಡುವ ನೆಟ್‌ಕ್ಯಾಟ್ ಎಂಬ ಸಾಧನದ ಮೂಲಕ ಬೇರೆ ಪೋರ್ಟ್‌ಗೆ ಸಂಪರ್ಕಿಸಬೇಕಾದ ಪ್ರಶ್ನೆ ತೆರೆಯುವುದೇ ಇಲ್ಲ. ವಿದ್ಯಾರ್ಥಿ ತನ್ನದೇ ತಪ್ಪೆಂದು ಗಂಟೆಗಟ್ಟಲೆ ಒದ್ದಾಡುತ್ತಾನೆ.

ಬಹುತೇಕ ಸ್ಪರ್ಧೆಗಳು ವಾರಾಂತ್ಯದಲ್ಲಿ 24ರಿಂದ 48 ಗಂಟೆ ನಡೆಯುತ್ತವೆ. ಆ ಎರಡು ದಿನ ಲ್ಯಾಬ್ ತೆರೆದಿಟ್ಟು, ಪ್ರತ್ಯೇಕ ಜಾಲದಲ್ಲಿ ಸ್ಪರ್ಧೆಗೆ ಬೇಕಾದ ಪೋರ್ಟ್‌ಗಳನ್ನು ತೆರೆಯುವಂತೆ ಪ್ರಾಂಶುಪಾಲರು ಆದೇಶಿಸಲಿ.

– ಸೈಬರ್ ಭದ್ರತೆಯ ಬೋಧಕರು, ಮೈಸೂರು