ತುಳಸಿಯ ಕುರಿತು ದೊಡ್ಡಮ್ಮನ ಪತ್ರ

ಉಡುಪಿ

ಸೌಭಾಗ್ಯವತಿ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಂಗಳೂರಿನ ಮನೆಯ ಬಾಲ್ಕನಿಯಲ್ಲಿ ನೀನು ನೆಟ್ಟ ತುಳಸಿ ಚಿಗುರಿದೆಯೆಂದು ಕೇಳಿ ಸಂತೋಷವಾಯಿತು. ಆದರೆ ಶೀತಕ್ಕೆಂದು ಹಿಡಿ ತುಂಬ ಎಲೆ ಹಾಕಿ, ಅರ್ಧ ಗಂಟೆ ಕುದಿಸಿದ ಕಷಾಯವನ್ನು ದಿನಕ್ಕೆ ಮೂರು ಹೊತ್ತು ಕುಡಿಯುತ್ತಿದ್ದೀಯೆಂದು ನಿನ್ನಮ್ಮ ಹೇಳಿದ್ದರಿಂದ ಈ ಪತ್ರ ಬರೆಯಬೇಕಾಯಿತು.

ತುಳಸಿಯ ಜೀವವಿರುವುದು ಅದರ ಪರಿಮಳದಲ್ಲಿ. ಎಲೆಯನ್ನು ಬೆರಳಲ್ಲಿ ಉಜ್ಜಿದಾಗ ಲವಂಗದ ನೆನಪಾಗುವುದು ಯೂಜಿನಾಲ್ ಎಂಬ ತೈಲಾಂಶದಿಂದ. ಲವಂಗದ ಘಾಟಿಗೂ ಅದೇ ಕಾರಣ. ಮುಚ್ಚಳವಿಲ್ಲದೆ ಬಹಳ ಹೊತ್ತು ಕುದಿಸಿದರೆ ಅದು ಹಬೆಯೊಡನೆ ಹಾರಿಹೋಗಿ, ಕಹಿಯೂ ಒಗರೂ ಪಾತ್ರೆಯಲ್ಲಿ ಉಳಿಯುತ್ತವೆ. ಜಜ್ಜಿದ ಶುಂಠಿ, ಕಾಳುಮೆಣಸು, ಬೆಲ್ಲಗಳನ್ನು ಮೊದಲು ಚೆನ್ನಾಗಿ ಕುದಿಸಿ, ಒಲೆ ಆರಿಸಿದ ಮೇಲೆ ಆರೇಳು ಎಲೆಗಳನ್ನು ಹರಿದು ಹಾಕಿ, ಐದು ನಿಮಿಷ ಮುಚ್ಚಿಟ್ಟು ಸೋಸಿಕೊಂಡರೆ ಸಾಕು.

ಕಷಾಯಕ್ಕಿಂತ ನನಗೆ ಇಷ್ಟವಾದದ್ದು ತಂಬುಳಿ. ಒಂದು ಚಮಚ ತುಪ್ಪದಲ್ಲಿ ಜೀರಿಗೆಯನ್ನೂ ನಾಲ್ಕು ಕಾಳುಮೆಣಸನ್ನೂ ಹುರಿದು, ಜೀರಿಗೆ ಕೆಂಪಾಗುತ್ತಿದ್ದಂತೆ ಹತ್ತು ಹನ್ನೆರಡು ಎಲೆ ಹಾಕು. ಅವು ಬಾಡಿ ಮುದುಡಿದೊಡನೆ ಇಳಿಸಿ, ಕಾಯಿತುರಿಯೊಡನೆ ನುಣ್ಣಗೆ ಕಡೆದು ಮಜ್ಜಿಗೆ ಬೆರೆಸು. ಒಂದೆಲಗದಂತೆ ಕೈತುಂಬ ಹಾಕಬೇಡ, ಬಾಯಿ ಚುರುಗುಟ್ಟುತ್ತದೆ. ಬೆರೆಸಿದ ಮೇಲೆ ಒಲೆಗಿಡಲೇಬಾರದು. ಥಾಯ್ಲೆಂಡಿನವರೂ ಬಾಣಲೆ ಇಳಿಸುವ ಹೊತ್ತಿಗಷ್ಟೇ ತುಳಸಿ ಹಾಕುತ್ತಾರೆ. ಪಾಸ್ತಾಕ್ಕೆ ಹಾಕುವುದು ನಮ್ಮ ಕಾಮಕಸ್ತೂರಿಯ ಜಾತಿ. ಅದರ ಜಾಗಕ್ಕೆ ತುಳಸಿ ಒಗ್ಗದು.

ಇನ್ನೊಂದು ಮಾತನ್ನು ಗಮನವಿಟ್ಟು ಓದು. ನಿನ್ನ ದೊಡ್ಡಪ್ಪನವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾಗ, ನಾನು ಪ್ರೀತಿಯಿಂದಲೇ ದಿನವೂ ಗಟ್ಟಿ ಕಷಾಯ ಕೊಡುತ್ತಿದ್ದೆ. ವೈದ್ಯರಿಗೆ ತಿಳಿದಾಗ ಕೂಡಲೇ ನಿಲ್ಲಿಸಿದರು. ತುಳಸಿಗೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣವಿರಬಹುದೆಂದು ಅವರು ವಿವರಿಸಿದರು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ನಿನ್ನ ಅತ್ತೆಯವರಿಗೂ ವೈದ್ಯರನ್ನು ಕೇಳದೆ ದಿನನಿತ್ಯ ಕಷಾಯ ಮಾಡಿಕೊಡಬೇಡ, ಏಕೆಂದರೆ ಸಕ್ಕರೆ ಅತಿಯಾಗಿ ಇಳಿಯಬಹುದು. ಬಸುರಿಯರಿಗೂ ಔಷಧದ ಪ್ರಮಾಣದಲ್ಲಿ ಇದು ಬೇಡ. ತೀರ್ಥದ ಒಂದೆರಡು ದಳದ ವಿಷಯ ಬೇರೆ. ಮಂಗಳೂರಿನ ಮಳೆಗಾಲದಲ್ಲಿ ಜ್ವರ ಬಂದರೆ ಕಷಾಯವನ್ನು ನಂಬಿ ಕೂರದೆ ಮಲೇರಿಯಾ, ಡೆಂಗಿಗೆ ರಕ್ತಪರೀಕ್ಷೆ ಮಾಡಿಸು.

ಕುಂಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ತಳದ ತೂತು ಕಟ್ಟಿಕೊಂಡಿದೆಯೇ ನೋಡು. ಕದಿರನ್ನು ಆಗಾಗ ಚಿವುಟಿದರೆ ಎಲೆ ದಟ್ಟವಾಗಿ ಬರುತ್ತದೆ. ಉತ್ಥಾನ ದ್ವಾದಶಿಗೆ ನೀನು ಬರುವ ಹೊತ್ತಿಗೆ, ನಮ್ಮ ಕಟ್ಟೆಯ ಬುಡದಲ್ಲಿ ಹುಟ್ಟಿದ ಕೃಷ್ಣತುಳಸಿಯ ಎರಡು ಸಸಿಗಳನ್ನು ತೆಗೆದಿಟ್ಟಿರುತ್ತೇನೆ.

ಇಂತು ನಿನ್ನ
ದೊಡ್ಡಮ್ಮ