ಸ್ಟ್ರಾಬೆರಿ ಸಸಿಯ ಜತೆ ನೆಡುವ ತಿಂಗಳನ್ನೂ ಹೇಳಿ

ಮಾನ್ಯರೇ,

ಕಟಪಾಡಿಯ ನಮ್ಮ ತಾರಸಿಯಲ್ಲಿ ಹದಿನೆಂಟು ಕುಂಡ ಮಲ್ಲಿಗೆ ಇದೆ. ಗಿಡ ಸಾಕುವುದು ನನಗೆ ಹೊಸದಲ್ಲ. ಆದರೂ ಕಳೆದ ವರ್ಷ ಮಾರ್ಚ್‌ನಲ್ಲಿ ಒಂದು ಸಸ್ಯ ಮೇಳದಿಂದ ಒಂದಕ್ಕೆ 150 ರೂಪಾಯಿ ಕೊಟ್ಟು ತಂದ ಆರು ಸ್ಟ್ರಾಬೆರಿ ಗಿಡ ಒಂದೂ ಉಳಿಯಲಿಲ್ಲ. ತರುವಾಗ ಹಣ್ಣು ಇತ್ತು. "ವರ್ಷವಿಡೀ ಬಿಡುತ್ತದೆ" ಎಂದಿದ್ದರು. ಅದು ಮುಗಿದ ಮೇಲೆ ಒಂದು ಹೂವೂ ಬರಲಿಲ್ಲ. ಮೇ ತಿಂಗಳ ಸೆಕೆಗೆ ಎಲೆಯಂಚು ಸುಟ್ಟಿತು. ಉಳಿದೆರಡರ ಸುಳಿ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕೊಳೆಯಿತು. ಮೊಮ್ಮಗಳು ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತಿದ್ದಳು, ಅದೇ ಹೆಚ್ಚು ಬೇಸರ.

ನಮ್ಮಲ್ಲಿ ಸಿಗುವ ಹೆಚ್ಚಿನ ತಳಿಗಳು ಹಗಲು ಕಿರಿದಾಗಿ ರಾತ್ರಿ ತಂಪಾದಾಗಲೇ ಮೊಗ್ಗು ಕಟ್ಟುವಂಥವು. ಮಹಾಬಲೇಶ್ವರದಂಥ ಎತ್ತರದ ಊರಲ್ಲೂ ಮಳೆ ಕಳೆದ ಮೇಲೆಯೇ ನೆಡುತ್ತಾರೆ. ಕಡಲ ಬದಿಯ ನಮಗೆ ಸಿಗುವ ಚಳಿ ಡಿಸೆಂಬರ್, ಜನವರಿಯದ್ದು ಮಾತ್ರ.

ಹಾಗಾಗಿ ಅಕ್ಟೋಬರ್ ಕೊನೆಗೆ ಮಡಿಕೇರಿಯ ತಂಗಿಯಿಂದ ಹಂಬಿನ ಸಸಿ (ತಾಯಿಗಿಡದಿಂದ ಹರಿದ ಬಳ್ಳಿಯಲ್ಲಿ ಬೇರುಬಿಟ್ಟದ್ದು) ತರಿಸಿದೆ. ಸುಡುಮಣ್ಣು, ತೆಂಗಿನ ನಾರಿನ ಹುಡಿ, ಹಳೆಯ ಹಟ್ಟಿಗೊಬ್ಬರ ಬೆರೆಸಿ, ಸುಳಿ ಮಣ್ಣಿನೊಳಗೆ ಹೂತುಹೋಗದಂತೆ ನೆಟ್ಟೆ. ಹನ್ನೊಂದು ಗಂಟೆವರೆಗೆ ಬಿಸಿಲು, ಆಮೇಲೆ ಮಾವಿನ ಮರದ ನೆರಳು. ಹಣ್ಣು ಮಣ್ಣಿಗೆ ತಾಗದಂತೆ ಬುಡಕ್ಕೆ ಬೈಹುಲ್ಲು. ಹೊಸ ಹಂಬುಗಳನ್ನು ಆಗಾಗ ಕತ್ತರಿಸಿದೆ. ಮೊದಲ ಹಣ್ಣುಗಳು ಸೊಟ್ಟಗಿದ್ದವು, ಪರಾಗ ಸರಿಯಾಗಿ ತಾಗದಿದ್ದರೆ ಹಾಗಾಗುತ್ತದೆ. ನೆರೆಮನೆಯವರು ಮುಜಂಟಿ ಜೇನಿನ (ಕುಟುಕದ ಪುಟ್ಟ ಜೇನು) ಪೆಟ್ಟಿಗೆಯನ್ನು ತಾರಸಿ ಬದಿಗೆ ಇಟ್ಟ ಮೇಲೆ ಬಂದವು ಚಂದದ ಆಕಾರದವು. ಜನವರಿಯಲ್ಲಿ ಗಿಡಕ್ಕೆ ಐದಾರು ಹಣ್ಣು, ಚಿಕ್ಕವು, ಆದರೆ ಪರಿಮಳ ಮೆಟ್ಟಿಲವರೆಗೆ ಬರುತ್ತಿತ್ತು.

ಹಾಗಾಗಿ ಸ್ಟ್ರಾಬೆರಿ ಇಲ್ಲಿ ಆಗುವುದೇ ಇಲ್ಲ ಎನ್ನುವುದೂ ಸರಿಯಲ್ಲ. ಮೇಳ ನಡೆಸುವವರು ಪ್ರತಿ ಸಸಿಯ ಚೀಟಿಯಲ್ಲಿ ತಳಿಯ ಹೆಸರು, ಕರಾವಳಿಯಲ್ಲಿ ನೆಡುವ ತಿಂಗಳು ಬರೆಯುವುದನ್ನು ಕಡ್ಡಾಯ ಮಾಡಲಿ. ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದವರು ಒಂದು ಚಳಿಗಾಲ ನಾಲ್ಕೈದು ತಳಿಗಳನ್ನು ಕುಂಡದಲ್ಲಿ ಬೆಳೆಸಿ ನೋಡಿ, ನಮ್ಮ ಸೆಕೆಗೆ ಯಾವುದು ತಾಳುತ್ತದೆಂದು ತಿಳಿಸಿದರೆ ದೊಡ್ಡ ಉಪಕಾರ. ತಾವೂ ಕೃಷಿ ಪುಟದಲ್ಲಿ ಅಕ್ಟೋಬರ್‌ಗೆ ಮೊದಲೇ ಈ ಬಗ್ಗೆ ಬರೆಸಬೇಕಾಗಿ ವಿನಂತಿ.

– ನಿವೃತ್ತ ಶಿಕ್ಷಕಿ, ಕಟಪಾಡಿ, ಉಡುಪಿ