ಬದನೆಕಾಯಿ ಮುದುಕಿಯ ಮಾತು ಎಲ್ಲಿ ನಿಲ್ಲಬೇಕು

ವಿಜಯಪುರ

ಪ್ರೀತಿಯ ಸುಜಾತಾ,

ನಿನ್ನ ಪ್ರಬಂಧ ಓದಿದೆ. ಬಾಗಲಕೋಟೆ ಸಂತೆ ಕಣ್ಣಿಗೆ ಕಟ್ಟುತ್ತದೆ. ಆದರೆ ನಗು ಬರಬೇಕಾದ ಹೊತ್ತಿಗೆ ನೀನೇ ಅಡ್ಡ ಬಂದು ನಿಲ್ಲುತ್ತೀ. ಬದನೆಕಾಯಿ ಪ್ರಸಂಗವನ್ನೇ ತಗೋ. ಗಿರಾಕಿ ಕೇಳುತ್ತಾನೆ: “ಏನಬೇ, ಇದರಾಗ ಹುಳಾ ಅದಾವೇನ?” ಮುದುಕಿ: “ಅದಾವಪಾ. ಅದಕ್ಕೇನ್ ಬ್ಯಾರೆ ರೊಕ್ಕಾ ತಗೊಳ್ಳಂಗಿಲ್ಲ.”

ಅಲ್ಲಿಗೆ ಮುಗಿಯಿತು. ನೀನು ಮಾತ್ರ “ಎಂದು ಮುದುಕಿ ಚಟಾಕಿ ಹಾರಿಸಿದಾಗ ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು” ಎಂದು ಬಾಲ ಹಚ್ಚಿದ್ದೀ. ಹೊಡೆದುಹಾಕು.

ಯಾಕೆ ಅಂತೀಯಾ? ಓದುವವರ ಮೆದುಳು ನಮ್ಮ ವಾಕ್ಯ ಮುಗಿಯಲಿ ಎಂದು ಕಾಯುತ್ತ ಕೂಡುವುದಿಲ್ಲ. ಮುಂದೇನು ಬಂದೀತೆಂದು ಮೊದಲೇ ಲೆಕ್ಕ ಹಾಕಿರುತ್ತದೆ. ಆ ಲೆಕ್ಕಕ್ಕೆ ಹೊಂದದ ಪದ ಬಂದರೆ, ಸುಮಾರು 400 ಮಿಲಿಸೆಕೆಂಡಿಗೆ ಅದರ ಗುರುತು ತಲೆಗೆ ಅಂಟಿಸಿದ ಎಲೆಕ್ಟ್ರೋಡುಗಳಲ್ಲಿ ಸಿಗುತ್ತದೆ. ಮೆದುಳಿನ ಸಂಶೋಧಕರಾದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್‌ಯಾರ್ಡ್ 1980ರಲ್ಲೇ ಇದನ್ನು ತೋರಿಸಿದರು. ಗಿರಾಕಿಗೆ ಹುಳ ಬೇಡ. ಮುದುಕಿ ಅದನ್ನು ಕೊಸರಿನ ಲೆಕ್ಕಕ್ಕೆ ಸೇರಿಸಿಬಿಟ್ಟಳು. ಹಳೆಯ ಲೆಕ್ಕ ಅಳಿಸಿ ಹೊಸದನ್ನು ಕೂಡಿಸುವ ಕೆಲಸ ಓದುವವರದು. ಅದನ್ನು ನೀನು ಮಾಡಿಕೊಟ್ಟರೆ ಅವರಿಗೆ ಉಳಿಯುವುದೇನು? 2003ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಜನರನ್ನು ಮೆದುಳು ನೋಡುವ ಸ್ಕ್ಯಾನರ್‌ನಲ್ಲಿ ಮಲಗಿಸಿ ವ್ಯಂಗ್ಯಚಿತ್ರ ತೋರಿಸಿದರು; ನಗೆಯ ಎಳೆಯನ್ನಷ್ಟೇ ತೆಗೆದುಹಾಕಿದ ಚಿತ್ರಗಳನ್ನೂ ತೋರಿಸಿದರು. ನಗೆಯಿದ್ದವಕ್ಕೆ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದಿಂದ ನಡೆಯುವ, ಬಹುಮಾನಕ್ಕೆ ಸ್ಪಂದಿಸುವ ಭಾಗಗಳು ಚುರುಕಾದವು; ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬುದು ಅವುಗಳಲ್ಲೊಂದು. ದುಡ್ಡು ಸಿಕ್ಕಾಗ ಚುರುಕಾಗುವ ಭಾಗವೂ ಅದೇ.

ಹಾಗಂತ ಏನಾದರೊಂದು ಅನಿರೀಕ್ಷಿತ ತಂದು ಒಗೆದರೂ ನಡೆಯುವುದಿಲ್ಲ. ಮುದುಕಿ “ನಿನ್ನೆ ನಮ್ಮ ಎಮ್ಮಿ ಈದೈತಿ” ಅಂದಿದ್ದರೂ ಗಿರಾಕಿ ಬೆಪ್ಪಾಗುತ್ತಿದ್ದ, ಆದರೆ ಯಾರು ನಗಬೇಕು? 1983ರಲ್ಲಿ ಹಿರಾಮ್ ಬ್ರೌನೆಲ್ ಎಂಬ ಸಂಶೋಧಕ ಮತ್ತು ಜೊತೆಗಾರರು ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಿಗೆ ಅರ್ಧ ನಗೆಹನಿ ಕೊಟ್ಟು, ತಕ್ಕ ಕೊನೆ ಆರಿಸಲು ಹೇಳಿದರು. ಕೊನೆಯಲ್ಲಿ ಅಚ್ಚರಿ ಇರಬೇಕೆಂಬುದು ಆ ರೋಗಿಗಳಿಗೆ ಗೊತ್ತಿತ್ತು. ಅದು ಕತೆಗೆ ಕೂಡಿಬರಬೇಕೆಂಬುದು ತಪ್ಪಿಹೋಗಿತ್ತು. ನಿನ್ನ ಮೂರನೇ ಪುಟದಲ್ಲಿ ತಾಡಪತ್ರಿಯೊಳಗಿಂದ ನರ್ತಕಿ ಹೊರಬರುತ್ತಾಳಲ್ಲ, ಆಕೆಯದೂ ಇದೇ ಕತೆ. ನಿರೀಕ್ಷೆ ಬಿಗಿಯಾಗಿ ಥಟ್ಟನೆ ಶೂನ್ಯವಾದಾಗ ನಗು ಹುಟ್ಟುತ್ತದೆ ಎಂದು ಜರ್ಮನ್ ತತ್ವಜ್ಞಾನಿ ಕಾಂಟ್ 1790ರಲ್ಲಿ ಬರೆದ. ದೊಡ್ಡವನು, ಆದರೂ ಆ ‘ಶೂನ್ಯ’ವನ್ನು ನಾನು ಒಪ್ಪುವುದಿಲ್ಲ. ಹುಳಕ್ಕೆ ರೊಕ್ಕ ಇಲ್ಲವೆಂಬ ವ್ಯಾಪಾರಿ ಬುದ್ಧಿಯಾದರೂ ಕೈಗೆ ಸಿಗಬೇಕು.

ಈ ಸಲ ನಿಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಬಯಲಾಟ ಆಡಿದರೆ ನಿದ್ದೆಗೆಟ್ಟು ನೋಡು. ದೂತಿಯ ಪಾತ್ರದವರು ಪಳಗಿದವರಾದರೆ, ಭಾಗವತನ ಮೇಲೆ ಒಂದು ಮಾತು ಎಸೆದು ಮೇಳದ ಕಡೆ ತಿರುಗಿಬಿಡುತ್ತಾರೆ. ಅರ್ಥ ಹೇಳುತ್ತ ನಿಲ್ಲುವುದಿಲ್ಲ. ಮುಂದಿನ ಸಾಲಿನವನಿಗೆ ಮೊದಲು ಹೊಳೆಯುತ್ತದೆ, ಹಿಂದಿನವರು ಅವನ ನಗು ಕೇಳಿಯೇ ಅರ್ಧ ನಗುತ್ತಾರೆ. ಒಬ್ಬನೇ ಇದ್ದಾಗಿನದಕ್ಕಿಂತ ಜನರ ನಡುವೆ ಮನುಷ್ಯ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಎಂದು ನಗುವನ್ನೇ ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್ ಕಂಡುಕೊಂಡಿದ್ದ. ನಿನ್ನ ಓದುಗರು ಒಬ್ಬೊಬ್ಬರೇ ಕೂತು ಓದುವವರು. ಅವರ ತುಟಿಯಂಚು ಸ್ವಲ್ಪ ಅಲುಗಿದರೂ ನಿನಗೆ ಪೂರ್ತಿ ಅಂಕ.

ಇನ್ನು ಅತ್ತೆ–ಸೊಸೆ ಪ್ರಸಂಗ ಪೂರಾ ತೆಗೆ. ಅದರ ತಿರುವು ಅರ್ಧ ಪುಟ ಮೊದಲೇ ಗೊತ್ತಾಗುತ್ತದೆ. ದೀಪಾವಳಿ ವಿಶೇಷಾಂಕಕ್ಕೆ ಕಳಿಸುವ ಮೊದಲು ತಿದ್ದಿದ ಪ್ರತಿ ಇತ್ತ ಹಾಕು. ಅಪ್ಪ–ಅವ್ವಗೆ ನಮಸ್ಕಾರ ತಿಳಿಸು.

ಆಶೀರ್ವಾದಗಳೊಂದಿಗೆ,
ನಿನ್ನ ಕಾಕಾ